ರಿಪೋರ್ಟ್ ನಾರ್ಮಲ್, ದೊಡ್ಡವ್ವನಿಗೆ ಮಾತ್ರ ದಮ್ಮು

2024ರ ಆಗಸ್ಟ್. 10ನೇ ತಾರೀಕು ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ, ಗೇಟಿಗೆ ಗೇಟೇ ಕೊಚ್ಚಿಕೊಂಡು ಹೋಯ್ತು. ನಿಮಗೆಲ್ಲ ನೆನಪಿದೆ. ನಾನು ಸ್ಟುಡಿಯೋ ಬಿಟ್ಟು ಮುನಿರಾಬಾದ್‌ಗೆ ಬಂದು ಮೈಕ್ ಹಿಡಿದು ನಿಂತಿದ್ದೆ. ಒಳಹರಿವು ಎಷ್ಟು, ಹೊರಹರಿವು ಎಷ್ಟು, ಎಷ್ಟು ಟಿಎಂಸಿ ಖಾಲಿ ಮಾಡಬೇಕು, ಎರಡನೇ ಬೆಳೆಗೆ ನೀರು ಉಳಿಯುತ್ತಾ? ಗಂಟೆಗೊಂದು ಲೈವ್. ಒಂದು ಲೈವ್ ಮುಗಿಸಿ ಮೊಬೈಲ್ ತೆಗೆದರೆ ಊರಿನಿಂದ ಒಂದು ಫೋಟೋ ಬಂದಿತ್ತು. ದೊಡ್ಡವ್ವನ ಎಕೋ ರಿಪೋರ್ಟ್. ಕೆಳಗೆ ಒಂದು ಸಾಲು: "ನೋಡಪಾ ತಮ್ಮಾ, ಎದಿ ಚಲೋ ಐತೇನು?"

ನಾನು ರಿಪೋರ್ಟಿನ ಕೊನೆಯ ಸಾಲು ನೋಡಿದೆ. ಇಎಫ್ ಶೇಕಡಾ 58. ನಾರ್ಮಲ್ ಅಂತ ಬರೆದಿತ್ತು. "ಏಕ್‌ದಮ್ ಚಲೋ ಐತಿ ದೊಡ್ಡವ್ವಾ" ಅಂತ ಟೈಪ್ ಮಾಡಿ, ಮುಂದಿನ ಲೈವ್‌ಗೆ ಇಯರ್‌ಪೀಸ್ ಸಿಕ್ಕಿಸಿಕೊಂಡೆ.

ನಾನು ಸುಳ್ಳು ಹೇಳಿದ್ದೆ. ಗೊತ್ತಿದ್ದು ಹೇಳಿದ್ದಲ್ಲ, ಆದರೂ ಸುಳ್ಳೇ.

ನಮ್ಮೂರು ಸಿದ್ದಾಪುರ. ಮಲೆನಾಡಿನ ಸಿದ್ದಾಪುರ ಅಲ್ಲ, ಕೊಡಗಿನದ್ದೂ ಅಲ್ಲ. ಕೊಪ್ಪಳ ಜಿಲ್ಲೆಯದ್ದು, ಕಾರಟಗಿ ಹತ್ತಿರ, ಮೊದಲು ಗಂಗಾವತಿ ತಾಲೂಕಿನಲ್ಲಿತ್ತು. ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯಿಸಿದಷ್ಟೂ ಭತ್ತ, ಆಚೆ ಕಾರಟಗಿ, ಗಂಗಾವತಿ ಕಡೆ ಅಕ್ಕಿ ಗಿರಣಿಗಳು. ದೊಡ್ಡವ್ವನಿಗೆ ಅರವತ್ತು ದಾಟಿದೆ. ಆ ವರ್ಷದ ಬೇಸಿಗೆಯಲ್ಲಿ ಆಕೆಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿ, ಬೆಂಗಳೂರಲ್ಲಿ ಕಿಮೋಥೆರಪಿ ಶುರುವಾಗಿತ್ತು. ಇಪ್ಪತ್ತೊಂದು ದಿನಕ್ಕೊಮ್ಮೆ ಬಂದು, ನಮ್ಮ ಮನೆಯಲ್ಲಿ ಎರಡು ದಿನ ಇದ್ದು, ಡ್ರಿಪ್ ಹಾಕಿಸಿಕೊಂಡು ವಾಪಸ್ ಹೋಗ್ತಿದ್ದಳು. ಡ್ರಿಪ್ಪಿನಲ್ಲಿ ಕೆಂಪು ಶರಬತ್ತಿನಂಥ ಒಂದು ಔಷಧಿ ಇರ್ತಿತ್ತು. ಅದರ ಹೆಸರು ಡಾಕ್ಸೋರುಬಿಸಿನ್. ಕ್ಯಾನ್ಸರ್ ಜೀವಕೋಶಗಳನ್ನು ಚೆನ್ನಾಗಿ ಕೊಲ್ಲುತ್ತೆ. ಆದರೆ ಅದಕ್ಕೊಂದು ಕೆಟ್ಟ ಗುಣ ಇದೆ, ಹೃದಯದ ಸ್ನಾಯುವನ್ನೂ ಬಿಡೋದಿಲ್ಲ.

ಎಷ್ಟು ಕೊಟ್ಟರೆ ಎಷ್ಟು ಅಪಾಯ? ಇದಕ್ಕೆ ಲೆಕ್ಕ ಇದೆ. ದೇಹದ ಮೇಲ್ಮೈ ವಿಸ್ತೀರ್ಣದ ಪ್ರತಿ ಚದರ ಮೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಈ ಔಷಧಿ ಕೊಡ್ತಾರೆ. 2003ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ ಪ್ರಕಾರ ಒಟ್ಟು ಡೋಸ್ 400 ಮಿಲಿಗ್ರಾಂ ಮುಟ್ಟಿದವರಲ್ಲಿ ಸುಮಾರು ಶೇಕಡಾ 5 ಮಂದಿಗೆ ಹೃದಯ ವೈಫಲ್ಯ. 550ಕ್ಕೆ ಹೋದರೆ ಶೇಕಡಾ 26. ಅದಕ್ಕೇ ಡಾಕ್ಟರುಗಳು ಅಷ್ಟು ಎತ್ತರಕ್ಕೆ ಹೋಗೋದೇ ಇಲ್ಲ. ದೊಡ್ಡವ್ವನಿಗೆ ಕೊಡಬೇಕಿದ್ದದ್ದು ನಾಲ್ಕು ಸಲ, ಒಟ್ಟು 240. ಅಪಾಯ ಕಡಿಮೆ, ಆದರೆ ಸೊನ್ನೆ ಅಲ್ಲ. ಆದ್ದರಿಂದ ನಡುನಡುವೆ ಎಕೋ ಮಾಡಿಸಿ ಹೃದಯ ನೋಡ್ತಾರೆ. ಶುರುವಿನಲ್ಲಿ ಇಎಫ್ 62 ಇತ್ತು. ಮೂರು ಡೋಸ್ ಆದ ಮೇಲೆ 58. 

ಮುನಿರಾಬಾದ್‌ನಿಂದ ಬಂದ ಒಂದು ವಾರಕ್ಕೆ ನಾಲ್ಕನೇ ಡೋಸಿಗೆ ದೊಡ್ಡವ್ವ ಬೆಂಗಳೂರಿಗೆ ಬಂದಳು. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ದಮ್ಮು ಹತ್ತೇತಿ, ತಡಿ." ನಾನು ಏನು ಹೇಳಿದೆ ಗೊತ್ತಾ? "ಕಿಮೋ ಸುಸ್ತು ದೊಡ್ಡವ್ವಾ, ರಿಪೋರ್ಟ್ ನಾರ್ಮಲ್ ಐತಲ್ಲ." ಮರುದಿನ ಆಸ್ಪತ್ರೆಯಲ್ಲಿ ನನ್ನನ್ನು ಪಕ್ಕಕ್ಕೆ ಸರಿಸಿ ಆಕೆಯೇ ಡಾಕ್ಟರಿಗೆ ಹೇಳಿದಳು. ಅವರು ಮೊದಲು ರಕ್ತ ಪರೀಕ್ಷೆ ನೋಡಿದರು, ದಮ್ಮು ಬರುವಂಥ ರಕ್ತಹೀನತೆ ಇರಲಿಲ್ಲ. ಡ್ರಿಪ್ ನಿಲ್ಲಿಸಿದರು. "ಹಾರ್ಟ್ ಎಂಆರ್‌ಐ ಮಾಡೋಣ, ಸ್ನಾಯು ಹೆಂಗೆ ಚಲಿಸ್ತಿದೆ ನೋಡಬೇಕು" ಅಂದರು.

ಅಲ್ಲಾ ಸ್ವಾಮಿ, ಇಎಫ್ ನಾರ್ಮಲ್ ಇದ್ದ ಮೇಲೆ ಇನ್ನೇನು ನೋಡೋದು? ನನ್ನ ತಲೆಯಲ್ಲಿದ್ದದ್ದು ಇದೇ ಪ್ರಶ್ನೆ.

ಇಎಫ್ ಅಂದರೆ ಇಜೆಕ್ಷನ್ ಫ್ರಾಕ್ಷನ್. ಹೃದಯದ ಎಡಭಾಗದ ಕೆಳಗಿನ ಕೋಣೆ, ಅಂದರೆ ಎಡ ಹೃತ್ಕುಕ್ಷಿ, ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲನ್ನು ಹೊರಗೆ ತಳ್ಳುತ್ತೆ ಅನ್ನೋ ಲೆಕ್ಕ. ನೂರು ಮಿಲಿ ತುಂಬಿಕೊಂಡು ಅರವತ್ತು ಮಿಲಿ ತಳ್ಳಿದರೆ ಇಎಫ್ 60. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 55ರಿಂದ 70ರ ಒಳಗೆ ಇರುತ್ತೆ. ಒಳ್ಳೆಯ ಸಂಖ್ಯೆ, ಉಪಯೋಗದ ಸಂಖ್ಯೆ. ಆದರೆ ಅದು ಹೊರಹರಿವಿನ ಲೆಕ್ಕ. 19ನೇ ಗೇಟು ಹೋಗುವ ಮುಂಚೆ ಡ್ಯಾಮಿನ ಹೊರಹರಿವೂ ಬುಲೆಟಿನ್‌ನಲ್ಲಿ ಸರಿಯಾಗೇ ಇತ್ತಲ್ಲ? ಒಟ್ಟು 33 ಗೇಟು. ಒಂದು ಬಿಗಿಯಾದರೆ ಪಕ್ಕದ್ದನ್ನು ಇನ್ನೊಂದು ಅಡಿ ಎತ್ತಿ ಅಷ್ಟೇ ನೀರು ಬಿಡಬಹುದು. ಕ್ಯುಸೆಕ್ ಅಷ್ಟೇ ಇರುತ್ತೆ. ಯಾವ ಗೇಟಿನ ಚೈನು ಎಷ್ಟು ಗಟ್ಟಿ ಉಳಿದಿದೆ ಅನ್ನೋದು ಕ್ಯುಸೆಕ್ ಲೆಕ್ಕದಲ್ಲಿ ಬರಲ್ಲ. ಆ ಡ್ಯಾಮಿನ ಮುಂದೆ ನಿಂತು ಮೂರು ದಿನ ಇದನ್ನೇ ನಾನು ನಿಮಗೆ ಹೇಳ್ತಿದ್ದೆ. ಅದೇ ಹೊತ್ತಿಗೆ ಮೊಬೈಲಿನಲ್ಲಿ ದೊಡ್ಡವ್ವನ ಹೊರಹರಿವು ನೋಡಿ ಚಲೋ ಐತಿ ಅಂತ ಕಳಿಸಿದ್ದೆ.

ಹೃದಯದಲ್ಲೂ ಹಾಗೇ ಆಗುತ್ತೆ. ಹೃದಯ ಮಿಡಿಯೋದು ಅಂದರೆ ಬಲೂನ್ ಹಿಚುಕಿದ ಹಾಗೆ ಅಂತ ನಾವು ಅಂದುಕೊಂಡಿರ್ತೀವಿ. ಅಷ್ಟು ಸರಳ ಅಲ್ಲ. ಅದರ ಸ್ನಾಯುವಿನ ಎಳೆಗಳು ಹಗ್ಗದ ಹುರಿಯಂತೆ ಸುತ್ತಿಕೊಂಡಿವೆ. ಒಳಪದರದ ಎಳೆಗಳು ಒಂದು ಕಡೆಗೆ ಓರೆ, ಹೊರಪದರದವು ಅದಕ್ಕೆ ಎದುರು ಓರೆ, ನಡುವಿನವು ಉಂಗುರದಂತೆ ಅಡ್ಡ. ಮಿಡಿದಾಗ ಮೂರು ಕೆಲಸ ಒಟ್ಟಿಗೆ ಆಗ್ತವೆ. ಬುಡದ ಭಾಗ ತುದಿಯ ಕಡೆಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಇಳಿಯುತ್ತೆ. ಸುತ್ತಳತೆ ಕುಗ್ಗುತ್ತೆ. ಬುಡ ಒಂದು ದಿಕ್ಕಿಗೆ, ತುದಿ ಇನ್ನೊಂದು ದಿಕ್ಕಿಗೆ ತಿರುಚಿಕೊಳ್ಳುತ್ತೆ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಒಂದೊಂದು ಸ್ನಾಯುಕೋಶ ಕುಗ್ಗೋದು ಸುಮಾರು ಶೇಕಡಾ 15 ಅಷ್ಟೇ, ಆದರೆ ಹೊರಗೆ ಹೋಗೋ ರಕ್ತ ಶೇಕಡಾ 60. ಈ ಹುರಿ ಹೊಸೆದ ಜೋಡಣೆಯಿಂದಲೇ ಅದು ಸಾಧ್ಯ. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಇಷ್ಟು ಚಂದದ ಪಂಪನ್ನು ನಮಗೆ ನಾಲ್ಕು ವರ್ಷದಲ್ಲಿ ಯಾರೂ ತೋರಿಸಲಿಲ್ಲ.

ಈಗ ತೊಂದರೆ ಏನಾಗುತ್ತೆ ಅಂದರೆ, ಬಹಳ ಕಾಯಿಲೆಗಳಲ್ಲಿ ಮೊದಲು ಸೋಲುವುದು ಉದ್ದಕ್ಕೆ ಎಳೆಯುವ ಒಳಪದರದ ಎಳೆಗಳು. ಅವು ಸೋತಾಗ ನಡುವಿನ ಉಂಗುರದ ಎಳೆಗಳು ಹೆಚ್ಚು ದುಡಿದು ಲೆಕ್ಕ ಸರಿಮಾಡ್ತವೆ. ಮನೆಯಲ್ಲಿ ಒಬ್ಬ ದುಡಿಯೋದು ಬಿಟ್ಟರೆ ಇನ್ನೊಬ್ಬ ಓವರ್‌ಟೈಮ್ ಮಾಡಿ ಬಾಡಿಗೆ ಕಟ್ಟಿದ ಹಾಗೆ. ಮನೆ ಮಾಲೀಕನಿಗೆ ಏನೂ ಗೊತ್ತಾಗಲ್ಲ, ಬಾಡಿಗೆ ಸರಿಯಾಗಿ ಬರ್ತಿದೆಯಲ್ಲ. ಇಎಫ್ ಅನ್ನೋದು ಆ ಮನೆ ಮಾಲೀಕ. ಉಂಗುರದ ಎಳೆಗಳೂ ಕೈಚೆಲ್ಲಿದಾಗಲೇ ಅದು ಧಡಕ್ಕನೆ ಇಳಿಯೋದು. ಇನ್ನೊಂದು ಮಾತು, ಎಕೋದಲ್ಲಿ ಅಳೆದ ಇಎಫ್ ಇವತ್ತಿಗೂ ನಾಳೆಗೂ, ಈ ತಂತ್ರಜ್ಞರಿಗೂ ಆ ತಂತ್ರಜ್ಞರಿಗೂ ಐದು, ಕೆಲವೊಮ್ಮೆ ಹತ್ತು ಅಂಕ ಆಚೀಚೆ ಆಗುತ್ತೆ. 62ರಿಂದ 58ಕ್ಕೆ ಬಂದದ್ದು ನಿಜವಾದ ಇಳಿತವೋ ಅಳತೆಯ ಹೆಚ್ಚುಕಮ್ಮಿಯೋ, ಆ ಸಂಖ್ಯೆ ಒಂದರಿಂದಲೇ ಯಾರೂ ಹೇಳೋಕಾಗಲ್ಲ. ನಾನು ಹೇಳಿಬಿಟ್ಟಿದ್ದೆ.

ಹಾಗಾದರೆ ಸ್ನಾಯುವಿನ ಒಂದೊಂದು ತುಂಡೂ ಎಷ್ಟು ಕುಗ್ಗುತ್ತಿದೆ ಅಂತ ಅಳೆಯೋದು ಹೇಗೆ?

ಕಾಲೇಜಿನ ಲ್ಯಾಬ್ ನೆನಪು ಮಾಡ್ಕೊಳ್ಳಿ, ಎಂಜಿನಿಯರಿಂಗ್, ಡಿಪ್ಲೊಮಾ ಮಾಡಿದವರಿಗೆ ಗೊತ್ತಿರುತ್ತೆ. ಯೂನಿವರ್ಸಲ್ ಟೆಸ್ಟಿಂಗ್ ಮಷೀನಿಗೆ ಒಂದು ಕಬ್ಬಿಣದ ಸರಳು ಹಾಕಿ ಎಳೀತೀವಿ. ಎಳೆಯುವ ಮುಂಚೆ ಸರಳಿನ ಮೇಲೆ ಪಂಚ್ ಹೊಡೆದು ಎರಡು ಚುಕ್ಕೆ ಹಾಕ್ತೀವಿ. ಎಳೆದ ಮೇಲೆ ಆ ಚುಕ್ಕೆಗಳ ನಡುವಿನ ಅಂತರ ಎಷ್ಟು ಬದಲಾಯ್ತು, ಮೊದಲು ಎಷ್ಟಿತ್ತು, ಭಾಗಿಸಿದರೆ ಬರೋದೇ ಸ್ಟ್ರೇನ್. ಚುಕ್ಕೆ ಇಲ್ಲದಿದ್ದರೆ ಸ್ಟ್ರೇನ್ ಇಲ್ಲ. ಬರೀ ಸರಳು ನೋಡಿದರೆ ಯಾವ ಭಾಗ ಎಷ್ಟು ಹಿಗ್ಗಿತು ಅಂತ ಗೊತ್ತಾಗಲ್ಲ.

ಹೃದಯದ ಸ್ನಾಯುವಿನ ಮೇಲೆ ಚುಕ್ಕೆ ಹಾಕೋರು ಯಾರು? ಸ್ಕ್ಯಾನ್ ಚಿತ್ರದಲ್ಲಿ ಅದು ಒಂದೇ ಸಮನೆ ಬೂದು ಬಣ್ಣ. ಅಂಚು ಕಾಣುತ್ತೆ, ಒಳಗೆ ಹಿಡಿದುಕೊಳ್ಳೋಕೆ ಗುರುತೇ ಇಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೀಲ್ ಇಂಗೆಲ್ಸ್ ಮತ್ತು ಸಂಗಡಿಗರು ಏನು ಮಾಡಿದರು ಅಂದರೆ, ಹೃದಯದ ಆಪರೇಷನ್ ಆಗುವಾಗಲೇ ಸ್ನಾಯುವಿನೊಳಗೆ ಟ್ಯಾಂಟಲಮ್ ಲೋಹದ ಪುಟ್ಟ ಸುರುಳಿಗಳನ್ನು ಕೂರಿಸಿ, ಆಮೇಲೆ ಎಕ್ಸ್‌ರೇ ಸಿನಿಮಾ ತೆಗೆದು ಅವುಗಳ ಓಡಾಟ ಅಳೆದರು. ಕರಾರುವಾಕ್ಕಾಗಿ ಬಂತು. ಆದರೆ ಇದಕ್ಕಾಗಿ ಯಾರ ಎದೆ ಕೊಯ್ಯೋದು?

1988ರಲ್ಲಿ ಇದಕ್ಕೊಂದು ಉಪಾಯ ಬಂತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿದ್ದ ಇಲಿಯಾಸ್ ಜೆರ್ಹೌನಿ, ಅಲ್ಜೀರಿಯಾದಿಂದ ಬಂದ ರೇಡಿಯಾಲಜಿಸ್ಟ್, ಮತ್ತು ಅವರ ತಂಡ ಎಂಆರ್‌ಐ ಯಂತ್ರದಿಂದಲೇ ಹೃದಯದ ಸ್ನಾಯುವಿನ ಮೇಲೆ ಗೆರೆ ಎಳೆದು ತೋರಿಸಿತು. ಮುಂದಿನ ವರ್ಷವೇ ಪೆನ್ಸಿಲ್ವೇನಿಯಾದ ಲಿಯೋನ್ ಆಕ್ಸೆಲ್ ಮತ್ತು ಲಾರೆನ್ಸ್ ಡೊಹರ್ಟಿ ಇಡೀ ಚಿತ್ರಕ್ಕೆ ಒಂದೇ ಏಟಿಗೆ ಸಾಲು ಸಾಲು ಗೆರೆ ಹಾಕುವ ದಾರಿ ಕಂಡುಹಿಡಿದರು. ಇದಕ್ಕೆ ಟ್ಯಾಗಿಂಗ್ ಅಂತಾರೆ. ಚಾಕು ಇಲ್ಲ, ಶಾಯಿ ಇಲ್ಲ.

ಗೆರೆ ಹೇಗೆ ಬೀಳುತ್ತೆ? ನಮ್ಮ ದೇಹದ ತುಂಬಾ ನೀರು, ನೀರಿನ ತುಂಬಾ ಹೈಡ್ರೋಜನ್. ಪ್ರತಿ ಹೈಡ್ರೋಜನ್ ಪರಮಾಣುವಿನ ನಡುವಿನ ಪ್ರೋಟಾನ್ ಒಂದು ಸಣ್ಣ ಅಯಸ್ಕಾಂತದ ಹಾಗೆ ವರ್ತಿಸುತ್ತೆ. ಎಂಆರ್‌ಐ ಯಂತ್ರ ಅಂದರೆ ಒಂದು ಭಾರೀ ಅಯಸ್ಕಾಂತದ ಕೊಳವೆ, ಸಾಮಾನ್ಯವಾಗಿ 1.5 ಟೆಸ್ಲಾ, ಭೂಮಿಯ ಅಯಸ್ಕಾಂತ ಶಕ್ತಿಯ ಸುಮಾರು 30 ಸಾವಿರ ಪಟ್ಟು. ಅದರೊಳಗೆ ಮಲಗಿದಾಗ ಈ ಪ್ರೋಟಾನ್‌ಗಳು ಸುಮಾರು 64 ಮೆಗಾಹರ್ಟ್ಸ್ ರೇಡಿಯೋ ಅಲೆಗೆ ಓಗೊಡ್ತವೆ. ಹೊಸಪೇಟೆ ಆಕಾಶವಾಣಿ ಕೇಳ್ತೀರಲ್ಲ, ಆ ಎಫ್‌ಎಂ ಪಟ್ಟಿ ಶುರುವಾಗೋದು 88ರಿಂದ. ಅದಕ್ಕಿಂತ ಸ್ವಲ್ಪ ಕೆಳಗೆ, ಅಷ್ಟೇ. ಯಂತ್ರ ರೇಡಿಯೋ ಅಲೆ ಕಳಿಸುತ್ತೆ, ಪ್ರೋಟಾನ್‌ಗಳು ತಿರುಗಿ ಸಿಗ್ನಲ್ ಕೊಡ್ತವೆ, ಅದರಿಂದ ಚಿತ್ರ. ಈ ಚಿತ್ರ ತೆಗೆಯುವ ವಿದ್ಯೆಗೆ 2003ರಲ್ಲಿ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್‌ಗೆ ನೊಬೆಲ್ ಬಂತು. ಎಕ್ಸ್‌ರೇ ಥರ ವಿಕಿರಣ ಇಲ್ಲ.

ಟ್ಯಾಗಿಂಗ್‌ನಲ್ಲಿ ಚಿತ್ರ ತೆಗೆಯುವ ಮುಂಚೆ ಇನ್ನೊಂದು ಕೆಲಸ ಮಾಡ್ತಾರೆ. ಇಸಿಜಿ ನೋಡಿಕೊಂಡು, ಹೃದಯ ಮಿಡಿಯಲು ಶುರುಮಾಡುವ ಸರಿಯಾದ ಕ್ಷಣಕ್ಕೆ, ಪಟ್ಟಿ ಪಟ್ಟಿಯಾಗಿ ಕೆಲವು ಸಾಲಿನ ಪ್ರೋಟಾನ್‌ಗಳನ್ನು ರೇಡಿಯೋ ಏಟು ಕೊಟ್ಟು ಮಂಕು ಮಾಡ್ತಾರೆ. ಮಂಕಾದವು ಸಿಗ್ನಲ್ ಕೊಡಲ್ಲ. ಚಿತ್ರದಲ್ಲಿ ಅಲ್ಲೆಲ್ಲ ಕಪ್ಪು ಗೆರೆ. ಉದ್ದಕ್ಕೂ ಅಡ್ಡಕ್ಕೂ ಹಾಕಿದರೆ ಚೌಕಳಿ. ಗೆರೆ ಬಿದ್ದಿರೋದು ಸ್ನಾಯುವಿನೊಳಗಿನ ನೀರಿನ ಮೇಲೇ ಆದ್ದರಿಂದ ಸ್ನಾಯು ಎತ್ತ ಹೋದರೆ ಗೆರೆ ಅತ್ತ ಹೋಗುತ್ತೆ.

ನಾನು ಸಣ್ಣವನಿದ್ದಾಗ ಕಾಲುವೆಗೆ ದೊಡ್ಡವ್ವನ ಹಿಂದೆ ಬಟ್ಟೆ ಒಗೆಯೋಕೆ ಹೋಗ್ತಿದ್ದೆ. ದೊಡ್ಡಪ್ಪನ ಬಿಳಿ ಧೋತರ ಹಿಂಡಿದರೆ ಬರೀ ಬಿಳಿ ಹಗ್ಗ, ಎಲ್ಲಿ ಎಷ್ಟು ತಿರುಚಿದೆ ಅಂತ ಕಾಣೋದಿಲ್ಲ. ಅದೇ ಚೌಕಳಿ ಸೀರೆ ಹಿಂಡಿದರೆ ಒಂದೊಂದು ಚೌಕವೂ ಓರೆಯಾಗಿ, ಒಂದು ಕಡೆ ಉದ್ದ, ಇನ್ನೊಂದು ಕಡೆ ಕಿರಿದಾಗಿ, ಯಾವ ಭಾಗಕ್ಕೆ ಕೈಯ ಬಲ ಎಷ್ಟು ಬಿದ್ದಿದೆ ಅಂತ ಕಣ್ಣಿಗೇ ಕಾಣ್ತಿತ್ತು. ಟ್ಯಾಗಿಂಗ್ ಮಾಡೋದು ಇಷ್ಟೇ, ಬಿಳಿ ಧೋತರವನ್ನು ಒಂದು ಸೆಕೆಂಡಿನ ಮಟ್ಟಿಗೆ ಚೌಕಳಿ ಸೀರೆ ಮಾಡೋದು.

ಒಂದು ಸೆಕೆಂಡು ಅಂದೆ, ಅದು ಉತ್ಪ್ರೇಕ್ಷೆ ಅಲ್ಲ. ಮಂಕಾದ ಪ್ರೋಟಾನ್‌ಗಳು ಹೆಚ್ಚುಕಮ್ಮಿ ಒಂದು ಸೆಕೆಂಡಿನಲ್ಲಿ ಚೇತರಿಸಿಕೊಳ್ತವೆ, ಗೆರೆ ಅಳಿಸಿಹೋಗುತ್ತೆ. ಒಂದು ಬಡಿತ ಮುಗಿಯೋದೂ ಸುಮಾರು ಅಷ್ಟರಲ್ಲೇ. ಆದ್ದರಿಂದ ಪ್ರತಿ ಬಡಿತಕ್ಕೂ ಹೊಸದಾಗಿ ಗೆರೆ ಹಾಕ್ತಾರೆ. ನಮ್ಮ ಟಿವಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಅಂದರೆ 40 ಮಿಲಿಸೆಕೆಂಡಿಗೊಂದು ಚಿತ್ರ. ಇಲ್ಲೂ ಸರಿಸುಮಾರು ಅದೇ ವೇಗ. ಆದರೆ ಒಂದು ವ್ಯತ್ಯಾಸ ಇದೆ, ನಮ್ಮ ಎಡಿಟಿಂಗ್ ರೂಮಿನವರಿಗೆ ಖುಷಿಯಾಗುವಂಥದ್ದು. ನೀವು ನೋಡುವ ಆ ಒಂದು ಬಡಿತದ ಸಿನಿಮಾ ನಿಜಕ್ಕೂ ಒಂದೇ ಬಡಿತದ್ದಲ್ಲ. ಒಂದೊಂದು ಬಡಿತದಲ್ಲಿ ಚಿತ್ರದ ಒಂದಿಷ್ಟು ಪಾಲು ಸಂಗ್ರಹಿಸಿ, ಹತ್ತಾರು ಬಡಿತಗಳನ್ನು ಹೊಲಿದು ಒಂದು ಮಾಡಿರ್ತಾರೆ. ಎಲ್ಲ ಬಡಿತವೂ ಒಂದೇ ಥರ ಇದೆ ಅಂತ ನಂಬಿ. ಅದಕ್ಕೇ ಮಲಗಿದವರು ಹತ್ತು ಹದಿನೈದು ಸೆಕೆಂಡು ಉಸಿರು ಹಿಡಿದುಕೊಳ್ಳಬೇಕು, ಅದಕ್ಕೇ ಹೃದಯ ತಾಳ ತಪ್ಪಿ ಬಡಿಯುವವರಲ್ಲಿ ಚಿತ್ರ ಕಲಸಿಹೋಗುತ್ತೆ.

ದೊಡ್ಡವ್ವನ ಸ್ಕ್ಯಾನಿಗೆ ಮುಕ್ಕಾಲು ಗಂಟೆ ಹಿಡೀತು. ಆದರೆ ಒಳಗೆ ಹೋಗೋ ಮುಂಚೆ ಬಾಗಿಲಲ್ಲೇ ಅರ್ಧ ಗಂಟೆ ಜಗಳ. ಮೈಮೇಲೆ ಲೋಹ ಇರಬಾರದು. ಬಳೆ ತೆಗೆದಳು, ಕಾಲುಂಗುರ ತೆಗೆದಳು, ತಾಳಿ ಮಾತ್ರ ತೆಗೆಯೋದಿಲ್ಲ ಅಂತ ಪಟ್ಟು. ದೊಡ್ಡಪ್ಪ ಪಕ್ಕದಲ್ಲೇ ನಿಂತು "ನಾ ಇಲ್ಲೇ ಅದೀನಲ್ಲ, ತಗೀ" ಅಂದರೂ ಕೇಳಲಿಲ್ಲ. ಕೊನೆಗೆ ಅಲ್ಲಿದ್ದ ನರ್ಸಮ್ಮ ಎಲ್ಲಿಂದಲೋ ಒಂದು ಅರಿಶಿಣ ಕೊಂಬು ತಂದು ದಾರಕ್ಕೆ ಕಟ್ಟಿಕೊಟ್ಟರು. ನಗಬೇಡಿ. ಆ ಆಯಸ್ಕಾಂತ ಹಗಲೂ ರಾತ್ರಿ ಆನ್ ಇರುತ್ತೆ, ಕರೆಂಟು ಹೋದರೂ ಆನ್. 2018ರ ಜನವರಿಯಲ್ಲಿ ಮುಂಬೈನ ನಾಯರ್ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದುಕೊಂಡು ಒಳಗೆ ಹೋದ ಯುವಕನೊಬ್ಬನನ್ನು ಯಂತ್ರ ಸಿಲಿಂಡರ್ ಸಮೇತ ಎಳೆದುಕೊಂಡು, ಆತ ತೀರಿಹೋದ. ಚಿನ್ನವನ್ನು ಆಯಸ್ಕಾಂತ ಎಳೆಯೋದಿಲ್ಲ ನಿಜ, ಆದರೆ ಯಾವುದರಲ್ಲಿ ಏನು ಬೆರೆತಿದೆ ಅಂತ ಬಾಗಿಲಲ್ಲಿ ಕೂತು ಯಾರು ಪರೀಕ್ಷೆ ಮಾಡ್ತಾರೆ? ಎಲ್ಲ ತೆಗೆಸೋದೇ ಕ್ಷೇಮ.

ಹೊರಗೆ ಬಂದ ದೊಡ್ಡವ್ವನ ಮೊದಲ ಮಾತು: "ಕಾರಟಗಿ ಗಿರಣಿಯೊಳಗ ಮಲಗಿಸಿದಂಗ ಆತಲ್ಲೋ ತಮ್ಮಾ. ಉಸಿರು ಬಿಡ್ರಿ, ಹಿಡೀರಿ, ಬಿಡ್ರಿ, ಹಿಡೀರಿ. ನಾಟಿ ಹಚ್ಚಿದ್ರೂ ಇಷ್ಟು ದಣಿವಾಗೂದಿಲ್ಲ."

ಡಾಕ್ಟರ್ ಆ ಸಿನಿಮಾವನ್ನು ನನಗೆ ತೋರಿಸಿದರು. ಬೂದು ಬಣ್ಣದ ಒಂದು ಉಂಗುರ, ಅದರ ಮೇಲೆ ಚೌಕಳಿ. ಮಿಡಿದಾಗ ಚೌಕಗಳು ಕುಗ್ಗಿ, ಓರೆಯಾಗಿ, ಮತ್ತೆ ಮೊದಲಿನ ಹಾಗೆ. ಒಂದು ಬದಿಯ ಚೌಕಗಳು ಚುರುಕಾಗಿ ಕುಗ್ಗುತ್ತಿದ್ದವು. ಇನ್ನೊಂದು ಬದಿಯವು ಮೈಗಳ್ಳರ ಹಾಗೆ, ಅರ್ಧಂಬರ್ಧ. ನನ್ನಂಥ ಅರೆಬರೆ ಎಂಜಿನಿಯರ್ ಕಣ್ಣಿಗೂ ಕಂಡಿತು. ಸುತ್ತಳತೆಯ ಸ್ಟ್ರೇನ್ ಶೇಕಡಾ 18ರಿಂದ 20ರ ಆಸುಪಾಸು ಇರಬೇಕಿತ್ತು, ಇದ್ದದ್ದು 14. ಅದೇ ಎಂಆರ್‌ಐನಲ್ಲಿ ಅಳೆದ ಇಎಫ್ ಎಷ್ಟು ಗೊತ್ತಾ? 55. ಅಲ್ಲೂ ನಾರ್ಮಲ್ ಅಂತ ಬರೆಯಬಹುದಾದ ಸಂಖ್ಯೆ.

ಈ ಚೌಕಗಳನ್ನು ಅಳೆಯೋದು ಮೊದಲು ಎಷ್ಟು ಕಷ್ಟದ ಕೆಲಸ ಆಗಿತ್ತು ಅಂದರೆ, ಒಬ್ಬ ರೋಗಿಯ ಚಿತ್ರಗಳಲ್ಲಿ ಒಂದೊಂದೇ ಗೆರೆ ಹಿಂಬಾಲಿಸಿ ಗುರುತು ಹಾಕೋಕೆ ಗಂಟೆಗಟ್ಟಲೆ ಕೂರಬೇಕಿತ್ತು. ಸಂಶೋಧನೆಗೆ ಸರಿ, ಆಸ್ಪತ್ರೆಗೆ ಆಗಲ್ಲ. 1999ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ನಾಯಲ್ ಉಸ್ಮಾನ್ ಮತ್ತು ಜೆರ್ರಿ ಪ್ರಿನ್ಸ್, ಇವರು ಡಾಕ್ಟರುಗಳಲ್ಲ, ಎಂಜಿನಿಯರುಗಳು, ಹಾರ್ಪ್ ಅನ್ನೋ ವಿಧಾನ ಕೊಟ್ಟರು. ಗೆರೆಗಳು ಸಮಾನ ಅಂತರದಲ್ಲಿವೆ ಅಂದಮೇಲೆ ಅದೊಂದು ಅಲೆ, ಅಲೆ ಅಂದಮೇಲೆ ಫೂರಿಯರ್ ಲೆಕ್ಕ ಹಾಕಿ ಅದರ ಫೇಸ್ ಹಿಡಿದರೆ ಸಾಕು, ಗೆರೆ ಹುಡುಕುವ ಕೆಲಸವೇ ಬೇಡ, ಕಂಪ್ಯೂಟರ್ ತಾನೇ ಲೆಕ್ಕ ಕೊಡುತ್ತೆ ಅನ್ನೋದು ಅವರ ಯೋಚನೆ. ವಿಟಿಯು ಪರೀಕ್ಷೆಯಲ್ಲಿ ಫೂರಿಯರ್ ಸರಣಿಗೆ ಹೆದರಿ, ಇದು ಯಾವ ಕಾಲಕ್ಕೆ ಯಾರ ಉಪಯೋಗಕ್ಕೆ ಬರುತ್ತೆ ಅಂತ ಬೈದುಕೊಂಡವರಲ್ಲಿ ನಾನೂ ಒಬ್ಬ. ಹತ್ತು ವರ್ಷ ಆದ ಮೇಲೆ ಉತ್ತರ ಸಿಕ್ಕಿತು, ಅದೂ ಮನೆಯಲ್ಲೇ.

ಇತಿಮಿತಿಗಳೂ ಇವೆ, ಅದನ್ನು ಹೇಳದಿದ್ದರೆ ಜಾಹೀರಾತು ಆಗುತ್ತೆ. ಗೆರೆಗಳ ನಡುವೆ ಐದಾರು ಮಿಲಿಮೀಟರಾದರೂ ಅಂತರ ಬೇಕು. ಹೃದಯದ ಗೋಡೆ ಇರೋದೇ ಒಂದು ಸೆಂಟಿಮೀಟರ್ ಆಸುಪಾಸು ದಪ್ಪ. ಹಾಗಾಗಿ ಗೋಡೆ ಎಷ್ಟು ದಪ್ಪಗಾಗ್ತಿದೆ ಅನ್ನೋದನ್ನು ಟ್ಯಾಗಿಂಗ್ ಅಷ್ಟು ಚೆನ್ನಾಗಿ ಹೇಳಲ್ಲ, ಸುತ್ತಳತೆಯ ಕುಗ್ಗುವಿಕೆ ಹೇಳೋದರಲ್ಲಿ ಗಟ್ಟಿ. ಸಮಯ ಜಾಸ್ತಿ ಹಿಡಿಯುತ್ತೆ ಅಂತ ಬಹಳ ಕಡೆ ಈಗ ಟ್ಯಾಗಿಂಗ್ ಬಿಟ್ಟು, ಸಾಮಾನ್ಯ ಎಂಆರ್‌ಐ ಸಿನಿಮಾದಲ್ಲೇ ಸ್ನಾಯುವಿನ ಅಂಚನ್ನು ಸಾಫ್ಟ್‌ವೇರ್ ಹಿಂಬಾಲಿಸಿ ಸ್ಟ್ರೇನ್ ಲೆಕ್ಕ ಹಾಕುತ್ತೆ. ನಮ್ಮಂಥ ಊರಿನವರಿಗೆ ಇನ್ನೂ ಹತ್ತಿರದ್ದು ಎಕೋ. ಒಳ್ಳೆಯ ಎಕೋ ಯಂತ್ರದಲ್ಲಿ ಸ್ನಾಯುವಿನ ಚಿತ್ರದೊಳಗೆ ಇರುವ ಚುಕ್ಕೆ ಚುಕ್ಕೆ ಮಚ್ಚೆಗಳನ್ನೇ ಗುರುತು ಮಾಡಿಕೊಂಡು ಸಾಫ್ಟ್‌ವೇರ್ ಉದ್ದಳತೆಯ ಸ್ಟ್ರೇನ್ ಕೊಡುತ್ತೆ, ಜಿಎಲ್‌ಎಸ್ ಅಂತ ಬರೆದಿರ್ತಾರೆ. ಆ ಸಾಫ್ಟ್‌ವೇರ್ ಸರಿಯೋ ತಪ್ಪೋ ಅಂತ ಒರೆಗೆ ಹಚ್ಚಿ ನೋಡಿದ್ದು ಟ್ಯಾಗಿಂಗ್ ಎಂಆರ್‌ಐ ಜೊತೆ ಹೋಲಿಸಿಯೇ. ಯುರೋಪಿನ ಹೃದ್ರೋಗ ತಜ್ಞರ ಸಂಘದ 2022ರ ಮಾರ್ಗಸೂಚಿ ಕೂಡ, ಕಿಮೋ ತಗೊಳ್ಳುವವರಲ್ಲಿ ಜಿಎಲ್‌ಎಸ್ ಶುರುವಿನ ಅಳತೆಗಿಂತ ಶೇಕಡಾ 15ಕ್ಕಿಂತ ಹೆಚ್ಚು ಕುಸಿದರೆ, ಇಎಫ್ ಸರಿ ಇದ್ದರೂ ಎಚ್ಚರ ಅನ್ನುತ್ತೆ. ಇಲ್ಲಿ ಶುರುವಿನ ಅಳತೆ ಅನ್ನೋದು ಮುಖ್ಯ. ದೊಡ್ಡವ್ವನ ಮೊದಲ ಎಕೋದಲ್ಲಿ ಸ್ಟ್ರೇನ್ ಅಳೆದೇ ಇರಲಿಲ್ಲ. ಕೇಳಬೇಕು ಅಂತ ನಮಗೂ ಗೊತ್ತಿರಲಿಲ್ಲ.

ಹಾಗಂತ ಸ್ಟ್ರೇನ್ ಅನ್ನೋದು ಮಂತ್ರದಂಡ ಅಲ್ಲ. ಸ್ಟ್ರೇನ್ ನೋಡಿ ಹೃದಯದ ಮಾತ್ರೆ ಕೊಟ್ಟ ಗುಂಪು, ಇಎಫ್ ನೋಡಿ ಕೊಟ್ಟ ಗುಂಪು, ಎರಡನ್ನೂ ಹೋಲಿಸಿದ ಸಕ್ಕರ್ ಅನ್ನುವ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಒಂದು ವರ್ಷದ ಕೊನೆಗೆ ಸರಾಸರಿ ಇಎಫ್‌ನಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹೃದಯ ಗಣನೀಯವಾಗಿ ಕುಂದಿದವರ ಸಂಖ್ಯೆ ಮಾತ್ರ ಸ್ಟ್ರೇನ್ ಗುಂಪಿನಲ್ಲಿ ಕಡಿಮೆ ಇತ್ತು. ಡಾಕ್ಟರುಗಳು ಇನ್ನೂ ಚರ್ಚೆ ಮಾಡ್ತಾನೇ ಇದ್ದಾರೆ.

ನಮ್ಮ ಡಾಕ್ಟರ್ ಏನು ಮಾಡಿದರು? ನಾಲ್ಕನೇ ಕೆಂಪು ಡೋಸ್ ಬಿಟ್ಟರು. ಮುಂದಿನ ಹಂತದ ಬೇರೆ ಔಷಧಿಗೆ ನೇರ ಹೋದರು. ಹೃದಯದ ಹೊರೆ ಇಳಿಸುವ ಎರಡು ಮಾತ್ರೆ ಬರೆದರು, ಎನಲಾಪ್ರಿಲ್ ಮತ್ತು ಕಾರ್ವೆಡಿಲಾಲ್, ಯಾವ ಮೆಡಿಕಲ್ ಶಾಪಿನಲ್ಲೂ ಸಿಗುವಂಥವು. ಕ್ಯಾನ್ಸರಿನ ಒಂದು ಡೋಸ್ ಬಿಡೋದು ಸಣ್ಣ ಮಾತಲ್ಲ. ಅತ್ತ ಗೆಡ್ಡೆ, ಇತ್ತ ಗುಂಡಿಗೆ. 58 ಅನ್ನೋ ಒಂದೇ ಸಂಖ್ಯೆ ಇಟ್ಟುಕೊಂಡು ಆ ತೀರ್ಮಾನ ಮಾಡೋಕಾಗ್ತಿರಲಿಲ್ಲ, ಡ್ರಿಪ್ ಹಾಕಿ ಕಳಿಸಿರ್ತಿದ್ದರು. ನಾನೂ ಅದನ್ನೇ ಮಾಡಿ ಅಂತಿದ್ದೆ.

ಇದನ್ನೆಲ್ಲ ಈಗ ಯಾಕೆ ಹೇಳ್ತಿದ್ದೀನಿ ಅಂದರೆ, 2025ರ ಮೇ, ಜೂನ್‌ನಲ್ಲಿ ಹಾಸನದ ಸುದ್ದಿ ಬಂತಲ್ಲ. ಹೃದಯಾಘಾತದ ಸಾವು ಅಂತ ನಾವು ಚಾನೆಲ್‌ನವರು ಸ್ಕ್ರೀನಿನ ಮೂಲೆಯಲ್ಲಿ ಸಂಖ್ಯೆ ಓಡಿಸಿದ್ವಿ, ನಾನೂ ಓದಿದೆ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದ ಕ್ಯೂ. ಆಮೇಲೆ ಸರ್ಕಾರದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅದರಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ ಅಂದಿತು. ಆ ನಾಲ್ಕೂ ನಮ್ಮ ಸ್ಕ್ರೀನಿನ ಸಂಖ್ಯೆಯೊಳಗೆ ಇದ್ದವು. ಆ ದಿನಗಳಲ್ಲಿ ನನಗೆ ಬಂದ ಫೋನುಗಳಲ್ಲಿ ಅರ್ಧ, "ಸಾರ್, ಹಾರ್ಟ್ ಎಂಆರ್‌ಐ ಮಾಡಿಸಿಬಿಡಲಾ?"

ಬೇಡ. ಆರೋಗ್ಯವಾಗಿರುವವರಿಗೆ ನಾಳೆ ಹೃದಯಾಘಾತ ಆಗುತ್ತಾ ಅಂತ ಈ ಚೌಕಳಿ ಹೇಳೋದಿಲ್ಲ. ಹೃದಯಾಘಾತ ರಕ್ತನಾಳ ಕಟ್ಟಿಕೊಳ್ಳುವ ಕಥೆ, ಟ್ಯಾಗಿಂಗ್ ಸ್ನಾಯು ಸೋಲುವ ಕಥೆ. ಕಿಮೋ ತಗೊಂಡವರು, ಹುಟ್ಟಿನಿಂದ ಸ್ನಾಯು ದೌರ್ಬಲ್ಯ ಇರುವ ಮಕ್ಕಳು, ಒಮ್ಮೆ ಹೃದಯಾಘಾತ ಆಗಿ ಎಷ್ಟು ಸ್ನಾಯು ಉಳಿದಿದೆ ನೋಡಬೇಕಾದವರು, ಇಂಥವರಿಗೆ ಇದು. ಎದೆನೋವು ಬಂದರೆ ಎಂಆರ್‌ಐ ಎಲ್ಲಿದೆ ಅಂತ ಹುಡುಕಬೇಡಿ, ಹತ್ತಿರದ ತಾಲೂಕು ಆಸ್ಪತ್ರೆಗೆ ಓಡಿ, ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ಅಲ್ಲಿ ನಿಮಿಷಗಳ ಲೆಕ್ಕ.

ದೊಡ್ಡವ್ವ ಈಗ ಊರಲ್ಲಿದ್ದಾಳೆ. ಗದ್ದೆಗೆ ಇಳಿಯೋದಿಲ್ಲ, ಬದುವಿನ ಮೇಲೆ ಕೂತು ಆಳುಗಳಿಗೆ ಬೈತಾಳೆ. ಆರು ತಿಂಗಳಿಗೊಮ್ಮೆ ಎಕೋ, ಈಗ ಸ್ಟ್ರೇನ್ ಸಮೇತ. ಮೊನ್ನೆ ಬುಲೆಟಿನ್ ಮುಗಿಸಿ ಬಂದರೆ ಮೊಬೈಲಿನಲ್ಲಿ ಹೊಸ ರಿಪೋರ್ಟಿನ ಫೋಟೋ. ಈ ಸಲ ಇಎಫ್ ಬಿಟ್ಟು ಅದರ ಕೆಳಗಿನ ಸಾಲಿಗೆ ಪೆನ್ನಿನಲ್ಲಿ ಸುತ್ತು ಹಾಕಿಸಿದ್ದಳು. ಜಿಎಲ್‌ಎಸ್ ಮೈನಸ್ 18. ನಾನು ಓದುವಷ್ಟರಲ್ಲಿ ಫೋನೇ ಬಂತು.

"ಇದ್ಯಾಕ ಮೈನಸ್ ಐತೋ? ಎದಿ ಕಡಿಮಿ ಆಗೇತೇನು?"

"ಕುಗ್ಗಿದ್ರ ಮೈನಸ್, ಹಿಗ್ಗಿದ್ರ ಪ್ಲಸ್ ದೊಡ್ಡವ್ವಾ. ಮಿಡಿಯುವಾಗ ಎದಿ ಕುಗ್ಗಬೇಕಲ್ಲ, ಅದಕ್ಕ ಮೈನಸ್."

"ಹಂಗಾರ ಮೈನಸ್ ಹೆಚ್ಚಾದಷ್ಟೂ ಚಲೋನಾ?"

"ಹೂಂ. ಇಪ್ಪತ್ತರ ಹತ್ರ ಬಂದೈತಿ."

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ ಕೇಳಿದಳು, "ಈ ಸಲ ಪೂರ್ತಿ ಓದಿ ಹೇಳಾಕತ್ತೀಯಲ್ಲ?"